ಪಳಗದ ನಳಿಗೆ

ಹೊಸ ವಸ್ತುವೊಂದು ಮನೆಗೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹೊಸ ಛತ್ರಿ ತಂದ ದಿನ ಮೋಡದ ಸುಳಿವಿಲ್ಲದಿದ್ದರೂ ಅದನ್ನು ಬಿಡಿಸಿ ಹಿಡಿದು ಗದ್ದೆ ಸುತ್ತಿ ಬಂದವನು ನಾನು. ಅಂಥವನ ಮನೆಗೆ ಹೊಸ ರೈಫಲ್ ಬಂದರೆ ಏನಾಗಬೇಡ? ಅಪ್ಪನ ಕಾಲದ ಕೋವಿಯ ಕೀಲು ಸಡಿಲವಾಗಿ, ಗದ್ದೆಗೆ ನುಗ್ಗುವ ಕಾಡುಹಂದಿಗಿಂತ ಅದನ್ನು ಹಿಡಿದ ನಾನೇ ಹೆಚ್ಚು ಹೆದರುವಂತಾಗಿತ್ತು. ಕಚೇರಿಯಿಂದ ಕಚೇರಿಗೆ ಅಲೆದು ಪರವಾನಗಿ ಪಡೆದು ರೈಫಲ್ ತಂದೆ. ಕಾನೂನಿನಂತೆ ಹಂದಿಯನ್ನು ಕೊಲ್ಲುವಂತಿಲ್ಲ. ಗದ್ದೆಯಂಚಿನ ಧರೆಗೆ, ಎಂದರೆ ಗುಡ್ಡ ಕಡಿದು ನಿಂತ ಮಣ್ಣಿನ ಗೋಡೆಗೆ, ಒಂದು ಗುಂಡು ಹೊಡೆದು, ಆ ಸದ್ದಿಗೆ ಅವು ಓಡುವಂತೆ ಮಾಡಬೇಕು, ಅಷ್ಟೆ. ಅದಕ್ಕೆ ರೈಫಲ್ಲೇ ಬೇಕಿತ್ತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರೆಯೂ ಕೇಳಿದ್ದಳು.

ನಮ್ಮೂರು ಕೊಪ್ಪಕ್ಕೂ ನರಸಿಂಹರಾಜಪುರಕ್ಕೂ ನಡುವೆ. ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಸಿಗ್ನಲ್ ಬೇಕೆಂದರೆ ಗದ್ದೆಯ ಮೇಲಿನ ದಿಬ್ಬ ಹತ್ತಬೇಕಿತ್ತು. ದಿಬ್ಬ ಹತ್ತಿ ಅಡ್ಡಗದ್ದೆ ಊರಿನ ಭಾವನಿಗೆ ಫೋನಿನಲ್ಲಿ ಸುದ್ದಿ ಹೇಳಿದೆ. ಭಾವ ಎಂದರೆ ಅಕ್ಕನ ಗಂಡ, ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಭೇಷ್ ಎನ್ನುತ್ತಾರೆಂದು ಕಾದರೆ, "ನಳಿಗೆ ಪಳಗಿಸಿದ್ಯಾ?" ಎಂದರು.

"ಪಳಗಿಸೋದು ಅಂದ್ರೆ ಎಂತ ಭಾವ?"

"ಗುಂಡು ಹಾಯೋ ನಳಿಗೆ ಹೊಸದಿದ್ದಾಗ ಒಳಗೆ ಸಣ್ಣ ಸಣ್ಣ ಗೀರು ಇರ್ತವೆ ಮಾರಾಯ. ಗುಂಡಿನ ತಾಮ್ರ ಅದಕ್ಕೆ ಮೆತ್ಕೊಳ್ತದೆ. ಒಂದು ಹೊಡಿ, ಬಟ್ಟೆ ಬೆಳ್ಳಗೆ ಬರೋ ತನಕ ಉಜ್ಜು. ಮತ್ತೊಂದು ಹೊಡಿ, ಮತ್ತೆ ಉಜ್ಜು. ಗೀರೆಲ್ಲ ನಯ ಆಗೋ ತನಕ ಹಂಗೇ ಮಾಡ್ಬೇಕು. ಇಲ್ಲದಿದ್ರೆ ಗುರಿ ನಿಲ್ಲೋದಿಲ್ಲ."

ನಂಬದಿರಲು ಕಾರಣವೇ ಇರಲಿಲ್ಲ. ನಾವು ಏನನ್ನು ತಾನೇ ಪಳಗಿಸದೆ ಬಳಸಿದ್ದೇವೆ? ಹೊಸ ಕಾವಲಿಗೆ ಎಣ್ಣೆ ಕುಡಿಸಿ, ಈರುಳ್ಳಿ ತಿಕ್ಕಿ, ಮೊದಲ ದೋಸೆಗಳನ್ನು ದನಕ್ಕೆ ಹಾಕಿದ ಮೇಲಷ್ಟೇ ಮನೆಯವರಿಗೆ ದೋಸೆ. ಹೊಸ ಗಡಿಗೆಯನ್ನು ನೀರಲ್ಲಿ ನೆನೆಹಾಕುತ್ತೇವೆ. ಹೊಸ ಒರಳಲ್ಲಿ ಮೊದಲು ಉಮಿ ಹಾಕಿ ರುಬ್ಬುತ್ತೇವೆ. ಹೊಸ ಬೈಕನ್ನು ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಟ್ಟು ಓಡಿಸುತ್ತೇವೆ. ನಳಿಗೆಯೇನು ಹುಟ್ಟುತ್ತಲೇ ಬುದ್ಧಿವಂತನೇ ಎಂದುಕೊಂಡು ದಿಬ್ಬ ಇಳಿದೆ.

ಇಳಿದ ಮೇಲೆ ಲೆಕ್ಕ ತಪ್ಪಿತು. ಪರವಾನಗಿಯವನಿಗೆ ವರ್ಷಕ್ಕೆ ಸಿಗುವ ತೋಟಾ ಇಷ್ಟೇ ಎಂದು ಮಿತಿಯಿದೆ. ಭಾವ ಹೇಳಿದಂತೆ ಪಳಗಿಸುತ್ತ ಹೋದರೆ, ಹಂದಿ ಬರುವ ಹೊತ್ತಿಗೆ ನನ್ನಲ್ಲಿ ಚೆನ್ನಾಗಿ ಪಳಗಿದ ಖಾಲಿ ರೈಫಲ್ ಇರುತ್ತಿತ್ತು. ಗದ್ದೆಯಲ್ಲಿ ತೆನೆ ಬಾಗಿತ್ತು. ಆಚೆ ಗದ್ದೆಯಲ್ಲಿ ಆಗಲೇ ಹಂದಿ ಹೊರಳಾಡಿ ಹೋಗಿತ್ತು. ನಮ್ಮದು ಉಳಿದರೆ ವರ್ಷದ ಅನ್ನ, ಇಲ್ಲದಿದ್ದರೆ ಅಂಗಡಿ ಅಕ್ಕಿ.

ತಡೆಯಲಾರದೆ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಸಿಕ್ಕ ಗೆಳೆಯ ನಾಗೇಶ ಗೌಡ, ರೈಫಲ್ ಇಟ್ಟುಕೊಂಡು ಹಳಬನಾದವನು, ಕೇಳಿ ನಕ್ಕುಬಿಟ್ಟ. "ಫ್ಯಾಕ್ಟರಿಯವ್ರು ಹೊಡೆದು ನೋಡೇ ಕಳ್ಸಿರ್ತಾರೆ ಮಾರಾಯ. ನೀನು ಸಲಾಕೆ ಹಾಕಿ ಉಜ್ಜಿ ಉಜ್ಜಿ ಹಾಳು ಮಾಡ್ಬೇಡ. ಗುಂಡಿಗಿಂತ ಉಜ್ಜೋದ್ರಲ್ಲೇ ನಳಿಗೆ ಸವೆಯೋದು ಜಾಸ್ತಿ." ಅದೂ ಸರಿಯೆನಿಸಿತು. ಕೊನೆಗೆ ಮಾತಾಡಿದವರೇ ಸರಿ ಎನ್ನುವುದು ನನ್ನ ಹುಟ್ಟುಗುಣ. ವಾಪಸು ಬಂದು ದಿಬ್ಬ ಹತ್ತಿದರೆ ಮತ್ತೆ ಭಾವ ಸರಿ.

ಹೀಗೆ ದಿಬ್ಬಕ್ಕೂ ಕೊಪ್ಪಕ್ಕೂ ಅಲೆಯುವುದನ್ನು ನೋಡಿ ನೋಡಿ ಸುಮಿತ್ರೆ ಹೇಳಿದಳು: "ಪಳಗಿಸೋಕೂ ಧರೆಗೇ ಹೊಡೀಬೇಕು, ಹಂದಿ ಓಡ್ಸೋಕೂ ಧರೆಗೇ ಹೊಡೀಬೇಕು. ಹಂದಿ ಬಂದಾಗ್ಲೇ ಪಳಗಿಸಿ. ಅಷ್ಟು ದೊಡ್ಡ ಧರೆಗೆ ಗುರಿ ಬೇರೆ ಕೇಡು!"

ನನಗೆ ಸಿಟ್ಟು ಬಂತು. ಇಷ್ಟು ಸುಲಭದ ಉತ್ತರ ನನಗೆ ಬೇಕಿರಲಿಲ್ಲ. "ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡು ಅಂತೀಯಲ್ಲ" ಎಂದು ಗಾದೆಯ ಹಿಂದೆ ಅಡಗಿಕೊಂಡೆ.

ಹೊಡೆಯಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಕೈ ಸುಮ್ಮನಿರಬೇಕಲ್ಲ! ಅಪ್ಪ ಕೋವಿಗೆ ಕೊಬ್ಬರಿ ಎಣ್ಣೆಯ ಬಟ್ಟೆ ಎಳೆಯುತ್ತಿದ್ದದ್ದು ನೆನಪಾಯಿತು. ತುಕ್ಕು ಹಿಡಿಯದಿರಲಿ, ಕಾವಲಿಯಂತೆ ನಳಿಗೆಯೂ ಎಣ್ಣೆ ಕುಡಿಯಲಿ ಎಂದು ದಿನವೂ ಸಂಜೆ ಎಣ್ಣೆ ಬಿಡತೊಡಗಿದೆ. ಅಪ್ಪ ಹಾಕುತ್ತಿದ್ದದ್ದು ತೊಟ್ಟು. ನನ್ನ ಕೈ ಧಾರಾಳ.

ಒಂದು ಬೆಳಗಿನ ಜಾವ, ಇಬ್ಬನಿ ಸುರಿಯುತ್ತಿರುವಾಗ, ಗದ್ದೆಯಿಂದ ಗುಟುರು ಕೇಳಿತು. ಎದ್ದೆ, ಮೊಳೆಯಿಂದ ರೈಫಲ್ ಇಳಿಸಿದೆ. ತೋಟಾ ಹಾಕುವ ಮೊದಲು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕೆಂದು ಭಾವ ಕಲಿಸಿದ್ದರು. ದೀಪಕ್ಕೆ ಹಿಡಿದು ನೋಡಿದೆ. ಬೆಳಕೇ ಇಲ್ಲ. ಒಳಗೆ ಬೆಳ್ಳಗೆ ಏನೋ ಕೂತಿದೆ. ನಮ್ಮ ಕಡೆಯ ಚಳಿಗೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನೇ ಒಲೆಯ ಬಳಿ ಇಡಬೇಕು; ನಳಿಗೆಯೊಳಗೆ ಎಣ್ಣೆ ಹೆಪ್ಪುಗಟ್ಟಿ ಬಿರಡೆ ಹಾಕಿದಂತಾಗಿತ್ತು. ಹಾಗೇ ಹೊಡೆದಿದ್ದರೆ ನಳಿಗೆಯೇ ಸಿಡಿದು ಈ ಪ್ರಬಂಧ ಬರೆಯಲು ಕೈ ಇರುತ್ತಿರಲಿಲ್ಲ.

ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೈಫಲ್ಲಿನ ಮೂತಿ ಕೆಳಗೆ ಮಾಡಿ ಕಾಯಿಸತೊಡಗಿದೆ. ಹಂದಿಗಳು ನನ್ನ ಅನ್ನ ತಿನ್ನುತ್ತಿದ್ದವು, ನಾನು ಎಣ್ಣೆ ತೊಟ್ಟಿಕ್ಕುವುದನ್ನು ಕಾಯುತ್ತಿದ್ದೆ. ಅಷ್ಟರಲ್ಲಿ ಅಂಗಳದಾಚೆ "ಥಪ್ ಥಪ್" ಎಂದಿತು. ಮತ್ತೆ ಥಪ್. ಆಮೇಲೆ ಒಮ್ಮೆಲೇ "ಢಣಾರ್!" ಎಂದು ಗುಡ್ಡವೆಲ್ಲ ಮೊಳಗಿತು. ಬಿಡದೆ ಮೊಳಗಿತು. ಹಂದಿಗಳು ಬೇಲಿ ಮುರಿದುಕೊಂಡು ಕಾಡು ಸೇರಿದ ಸದ್ದು ಒಲೆಯ ಬಳಿಗೂ ಕೇಳಿಸಿತು.

ಸುಮಿತ್ರೆ ಒಳಗೆ ಬಂದಳು. ಸೀರೆ ಮೊಣಕಾಲವರೆಗೆ ಇಬ್ಬನಿಯಲ್ಲಿ ತೊಯ್ದಿತ್ತು. ಕೈಯಲ್ಲಿ ಅವಲಕ್ಕಿ ತುಂಬಿಡಲೆಂದು ಕೊಪ್ಪದಿಂದ ತರಿಸಿದ್ದ ತಗಡಿನ ಡಬ್ಬ, ನಜ್ಜುಗುಜ್ಜಾಗಿತ್ತು.

"ಹೊಸ ಡಬ್ಬ ನೋಡಿ, ಮೊದಲು ಸದ್ದೇ ಬಿಡ್ಲಿಲ್ಲ. ನಾಲ್ಕು ಪೆಟ್ಟು ಬಿದ್ದ ಮೇಲೆ ದಾರಿಗೆ ಬಂತು" ಎಂದಳು.

ಗದ್ದೆಯ ಒಂದು ಮೂಲೆ ಹೋಯಿತು. ಉಳಿದದ್ದು ಕಣಕ್ಕೆ ಬಂತು. ಕೊಯ್ಲು ಮುಗಿಯುವ ಮೊದಲೇ ಪಂಚಾಯ್ತಿ ಚುನಾವಣೆ ಘೋಷಣೆಯಾಗಿ, ನಿಯಮದಂತೆ ಊರಿನ ಕೋವಿಗಳ ಜೊತೆ ನನ್ನ ರೈಫಲ್ಲೂ ಠಾಣೆ ಸೇರಿತು, ಒಂದೂ ಗುಂಡು ಹಾರಿಸದೆ, ಕೊಬ್ಬರಿ ಎಣ್ಣೆಯ ಪರಿಮಳ ಬೀರುತ್ತ. ಭಾವ ಮತ್ತು ಗೌಡರಲ್ಲಿ ಯಾರು ಸರಿಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ರೈಫಲ್ ತೂಗುತ್ತಿದ್ದ ಮೊಳೆಗೆ ಸುಮಿತ್ರೆ ಡಬ್ಬ ತೂಗುಹಾಕಿದಳು. ನೋಡುತ್ತ ನೋಡುತ್ತ ನನ್ನ ಕೈ ಮತ್ತೆ ತುರಿಸತೊಡಗಿತು. "ನಾನೂ ಒಂದ್ಸಲ ಬಡಿದು ನೋಡ್ಲಾ?" ಎಂದೆ.

"ನಿಮ್ಮ ಕೈಗೆ ಕೊಡೋದಿಲ್ಲ" ಎಂದಳು. "ಮೊದಲು ಎಣ್ಣೆ ಹಚ್ಬೇಕಾ ಅಂತ ಕೇಳೋಕೆ ದಿಬ್ಬ ಹತ್ತೀರಿ."