‘ಬಾರೇ’ ಹೋಗಿ ‘ಬರ್ರಿ’ ಆದದ್ದು

ಹರಿಹರದ ಫ್ಯಾಕ್ಟರಿಯಲ್ಲಿ ನನ್ನನ್ನು ಯಾರೂ ‘ರಿ’ ಹಚ್ಚಿ ಕರೆದವರಲ್ಲ. ಎಂಟು ವರ್ಷ ಅಲ್ಲಿ ನಾನು ಬೆಸುಗೆ ಹಾಕುವವಳು. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಒಂದು ತಗಡಿನ ಡಬ್ಬ ಇರುತ್ತದಲ್ಲ, ಅದರ ಬೋರ್ಡುಗಳು ನಮ್ಮ ಕೈಯಲ್ಲಿ ತಯಾರಾಗುತ್ತಿದ್ದವು. ದಾವಣಗೆರೆಯ ವಿನೋಬನಗರದ ನನ್ನ ಬಾಡಿಗೆ ಕೋಣೆಯಿಂದ ಬೆಳಗಿನ ಬಸ್ಸು ಹಿಡಿದು ನಾನು ತಲುಪುವಷ್ಟರಲ್ಲಿ, ನಂದಿಗುಡಿಯಿಂದ ಬರುವ ಗೆಳತಿ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದಳು. ‘ಬಾರೇ, ಕೂಡೇ, ಇವತ್ತೇನು ತಂದೀಯ?’ ಎನ್ನುತ್ತ ನನ್ನ ಮುಖಕ್ಕಿಂತ ಮೊದಲು ಬುತ್ತಿ ನೋಡುತ್ತಿದ್ದಳು.

ನಮ್ಮಿಬ್ಬರಲ್ಲಿ ಒಂದು ಒಳಒಪ್ಪಂದವಿತ್ತು. ಬೋರ್ಡು ಟೆಸ್ಟಿಂಗ್ ಟೇಬಲ್ಲಿಗೆ ಹೋಗುವ ಮೊದಲು ‘ಇದನ್ನ ಒಂದೀಟು ನೋಡೇ’ ಎಂದು ಪಕ್ಕಕ್ಕೆ ಸರಿಸುವುದು. ಬೆಸುಗೆ ಎಲ್ಲಾದರೂ ಸರಿಯಾಗಿ ಕೂತಿರದಿದ್ದರೆ ಇನ್ನೊಬ್ಬರು ಮಾತಿಲ್ಲದೆ ಮತ್ತೊಮ್ಮೆ ಕಾವು ಮುಟ್ಟಿಸಿ ಮುಂದೆ ತಳ್ಳುವುದು. ತಪ್ಪು ಯಾರದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಮಧ್ಯಾಹ್ನದ ಮೇಲೆ ಕಣ್ಣು ಮಂಜಾಗುತ್ತಿತ್ತು. ಕನ್ನಡಕ ಹಾಕಿಕೋ ಎಂದರೆ ನನ್ನ ಮೇಲೆಯೇ ಹಾರಾಡುತ್ತಿದ್ದಳು. ನನಗೋ, ಬೆಳಗ್ಗೆ ಕೈ ಓಡುತ್ತಿರಲಿಲ್ಲ. ಹಾಗಾಗಿ ಬೆಳಗ್ಗೆ ಅವಳು ನನ್ನನ್ನು, ಮಧ್ಯಾಹ್ನ ನಾನು ಅವಳನ್ನು ಕಾಯುತ್ತಿದ್ದೆವು. ನನ್ನ ಎಡಗೈ ಹೆಬ್ಬೆರಳಿನ ಸುಟ್ಟ ಕಲೆ ಅವಳ ಬೋರ್ಡು ಸರಿಮಾಡುವಾಗ ಆದದ್ದು.

ಕೆಲಸ ಮುಗಿಸಿ ದಾವಣಗೆರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದಾಗ ನನಗಿಂತ ಅವಳಿಗೇ ಹೆಚ್ಚು ಉಮೇದು. ಊಟದ ಹೊತ್ತಿನಲ್ಲಿ ನನ್ನ ನೋಟ್‌ಬುಕ್ ಹಿಡಿದು, ಉತ್ತರದ ಮೇಲೆ ಬೆರಳಿಟ್ಟು, ಇಂಗ್ಲಿಷ್ ಪ್ರಶ್ನೆಯನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು. ಅರ್ಥ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಸ್ವಲ್ಪ ತಡವರಿಸಿದರೆ ಸಾಕು, ‘ತಪ್ಪು’ ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಿದ್ದಳು. ಕಡೆಗೆ ದಾವಣಗೆರೆಯಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಫ್ಯಾಕ್ಟರಿಯ ಕೊನೆಯ ದಿನ ‘ಹೋಗೇ, ಪೀಡೆ ತೊಲಗ್ತು’ ಎಂದವಳು ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊಸ ಕಚೇರಿಯಲ್ಲಿ ನನ್ನನ್ನು ಬಿಟ್ಟು ಐದು ಜನ, ಹತ್ತು ಕಿವಿಗೂ ಇಯರ್‌ಫೋನಿನ ಬಿರಡೆ. ಪಕ್ಕದಲ್ಲಿ ಕೂತವನೂ ‘ಊಟ ಆಯ್ತಾ ಮೇಡಂ’ ಎಂದು ಟೈಪು ಮಾಡಿಯೇ ಕೇಳುತ್ತಾನೆ. ಎಲ್ಲರೂ ಒಳ್ಳೆಯವರೇ, ದೂರುವಂಥದ್ದೇನಿಲ್ಲ. ಮೊದಮೊದಲು ಪ್ರೋಗ್ರಾಂ ಬರೆದು ಮುಗಿಸಿದಾಗ ‘ಒಂದೀಟು ನೋಡೇ’ ಎನ್ನಲು ಪಕ್ಕಕ್ಕೆ ತಿರುಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಈಗ ತಿರುಗುವುದನ್ನೂ ಬಿಟ್ಟಿದ್ದೇನೆ. ಎರಡು ವರ್ಷದಲ್ಲಿ ನನ್ನ ಬುತ್ತಿಯ ಶೇಂಗಾ ಚಟ್ನಿಗೆ ಯಾರೂ ಕೈ ಹಾಕಿಲ್ಲ. ಸಂಜೆ ಕೋಣೆಗೆ ಬಂದು ಉಳಿದ ಚಟ್ನಿ ನೋಡಿದರೆ ಅಳು ಬರುತ್ತದೆ ಎಂದರೆ ಯಾರಾದರೂ ನಕ್ಕಾರು.

ಈ ವರ್ಷ ಹಳೆಯ ಫ್ಯಾಕ್ಟರಿಯವರು ನಮ್ಮ ಕಚೇರಿಗೇ ಒಂದು ಕೆಲಸ ಒಪ್ಪಿಸಿದರು. ಟೆಸ್ಟಿಂಗಿನಲ್ಲಿ ಬೋರ್ಡು ಫೇಲಾದರೆ, ಅದನ್ನು ಬೆಸೆದವರ ಸೀಟಿನ ನಂಬರು ಪರದೆಯ ಮೇಲೆ ಕೆಂಪಗೆ ಕಾಣಬೇಕು. ಆ ಪ್ರೋಗ್ರಾಂ ಬರೆದವಳು ನಾನು. ಬರೆಯುವಾಗ ಗೆಳತಿಯ ನೆನಪು ಬರಲಿಲ್ಲವೇ ಎಂದರೆ, ಬಂತು. ಮತ್ತೆ ಅವಳ ಪಕ್ಕ ಕೂತು ಉಣ್ಣಬಹುದು ಎಂಬ ಖುಷಿಯಾಗಿ ಬಂತು. ಉಳಿದದ್ದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಅದನ್ನು ಅಳವಡಿಸುವ ದಿನ ಎರಡು ಪಾಲು ಚಟ್ನಿ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿದೆ. ನಾನು ಒಳಗೆ ಹೋದಾಗ ಸೂಪರ್‌ವೈಸರ್ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು, ‘ಇನ್ಮ್ಯಾಲೆ ಒಬ್ಬರ ಬೋರ್ಡು ಇನ್ನೊಬ್ಬರು ಮುಟ್ಟಂಗಿಲ್ಲ. ಎಲ್ಲಾ ಮೇಡಮ್ಮರ ಕಂಪ್ಯೂಟರ್‌ನಾಗೆ ಕಾಣ್ತೈತೆ’ ಎನ್ನುತ್ತಿದ್ದ. ಗೆಳತಿ ನನ್ನನ್ನು ನೋಡಿದಳು. ‘ಬರ್ರಿ ಮೇಡಂ, ಕೂಡ್ರಿ’ ಎಂದು ತನ್ನ ಸ್ಟೂಲು ಬಿಟ್ಟು ಎದ್ದಳು. ತಮಾಷೆ ಇರಬೇಕೆಂದು ನಕ್ಕೆ. ನನ್ನೊಂದಿಗೆ ಯಾರೂ ನಗಲಿಲ್ಲ. ಊಟಕ್ಕೆ ನನ್ನನ್ನು ಆಫೀಸಿನ ಕೋಣೆಯಲ್ಲಿ ಕೂರಿಸಿದರು.

ಮಧ್ಯಾಹ್ನ ಪರದೆಯ ಮೇಲೆ ಮೊದಲ ಕೆಂಪು ಬಂತು. ಅವಳದೇ ನಂಬರು. ಮಧ್ಯಾಹ್ನದ ಬೋರ್ಡು, ನಾನು ಕಾಯಬೇಕಾದ ಹೊತ್ತಿನದು. ಸೂಪರ್‌ವೈಸರ್ ಎದುರಿಗೇ ಆ ಬೋರ್ಡು ಎತ್ತಿಕೊಂಡು ಅವಳ ಟೇಬಲ್ಲಿಗೆ ನಡೆದೆ. ‘ಪಕ್ಕಕ್ಕೆ ಸರಿಯೇ, ನಾನು ಒಂದೀಟು ನೋಡ್ತೀನಿ’ ಎಂದು ಬೆಸುಗೆಯ ಕಡ್ಡಿಗೆ ಕೈ ಹಾಕಿದೆ.

ಅವಳು ಆ ಕಡ್ಡಿಯನ್ನು ನಿಧಾನವಾಗಿ ಆಚೆ ಸರಿಸಿದಳು. ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ, ದನಿಯಲ್ಲಿ ಸಿಟ್ಟಿನ ಎಳೆಯೂ ಇಲ್ಲದೆ ಹೇಳಿದಳು:

‘ಬ್ಯಾಡ್ರಿ ಮೇಡಂ. ರೂಢಿ ತಪ್ಪಿದ ಕೈ, ಸುಟ್ಟೀತು.’