ನಿಮ್ಮೋರೇ ತೆಗೆಸಿದ್ದಾರಲ್ಲ

ಬಾಲ್ಕನಿಯಲ್ಲಿ ನಿಂತು ನಾನು ಆಡಿದ್ದು ಮೂರೇ ಪದ. ‘ಇಲ್ಲಣ್ಣ, ನಿಮ್ಮೋರೇ ತೆಗೆಸಿದ್ದಾರಲ್ಲ.’ ವಿಡಿಯೊದಲ್ಲಿ ಆ ಮಾತು ಮುಗಿದು ನೀಲಿ ಬೆಳಕು ಹೊಡೆಯುವ ತನಕ ಏಳು ಸೆಕೆಂಡು. ನನ್ನ ತಲೆಯೊಳಗೆ ಅದು ದಿನಕ್ಕೆ ಹತ್ತು ಸಲ ಓಡುತ್ತದೆ. ಆ ಏಳು ಸೆಕೆಂಡಿನಲ್ಲಿ ‘ತಡಿಯಣ್ಣ, ನೋಡಿ ಹೇಳ್ತೀನಿ’ ಅನ್ನುವಷ್ಟು ಜಾಗ ಧಾರಾಳವಾಗಿ ಇತ್ತು ಎಂಬುದು ಪ್ರತಿ ಸಲವೂ ಗೊತ್ತಾಗುತ್ತದೆ.

ನಮ್ಮದು ಚಿಕ್ಕಲಸಂದ್ರದ ಒಂದು ಅಡ್ಡರಸ್ತೆ. ಕೆಳಗೆ ಓನರ್ ಆಂಟಿ, ಮೇಲಿನ ಪೋರ್ಷನ್ನಿನಲ್ಲಿ ನಾನು ಮತ್ತು ನನ್ನ ಅಮ್ಮ. ನಾನು ಬಿ.ಎಸ್ಸಿ. ಮುಗಿಸಿ ಒಂದು ವಿಮಾ ಕಚೇರಿಯಲ್ಲಿ ಕ್ಲೇಮುಗಳ ವಿಭಾಗದಲ್ಲಿದ್ದೇನೆ. ಜನ ಬರೆದದ್ದನ್ನು ನಂಬದೆ ಇರುವುದೇ ನನ್ನ ಕೆಲಸ. ಆ ಗುಣ ಕಚೇರಿಯಲ್ಲೇ ಉಳಿಯದೆ ಮನೆಗೂ ಬರುತ್ತದೆ. ಎರಡು ವರ್ಷದಿಂದ ಉರಿಯದ ಬೀದಿದೀಪ ಲೋಕಸಭೆ ಚುನಾವಣೆಗೆ ಮೂರು ವಾರ ಇರುವಾಗ ಉರಿಯಿತು. ಆಂಟಿ ಸಂತೋಷಪಟ್ಟರು, ನಾನು ಯಾರು ಹಾಕಿಸಿದ್ದು ಎಂದು ಯೋಚಿಸಿದೆ. ಗೊತ್ತಿಲ್ಲದ ನಂಬರಿನಿಂದ ಓಟು ಕೇಳಲು ಫೋನ್ ಮಾಡಿದ ಹುಡುಗಿ ನನ್ನ ಅಮ್ಮನ ಹೆಸರನ್ನು ಇನಿಷಿಯಲ್ ಸಮೇತ ಹೇಳಿ ನಮಸ್ಕಾರ ಅಂದಳು. ನಾನು ಫೋನ್ ಕಿತ್ತುಕೊಂಡು, ಈ ಹೆಸರು ಎಲ್ಲಿ ಸಿಕ್ಕಿತು ಎಂದು ವಿಚಾರಿಸಿದೆ. ಅವಳು ಫೋನ್ ಇಟ್ಟಳು.

ಆ ಸಲ ನಮ್ಮ ಕಡೆ ಹೆಚ್ಚು ಸದ್ದು ಮಾಡಿದ್ದು ಸಂಪ್ರದಾಯದ ಅಭ್ಯರ್ಥಿ. ನಮ್ಮ ರೂಢಿ, ನಮ್ಮ ಮನೆತನ, ನಮ್ಮ ಹಿರಿಯರ ದಾರಿ ದಿಲ್ಲಿಯಲ್ಲಿ ಉಳಿಯಬೇಕಾದರೆ ತಮ್ಮನ್ನು ಕಳಿಸಿ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಪಾರ್ಕಿಗೆ ಬಂದಾಗ ಅವರನ್ನು ಹತ್ತಿರದಿಂದ ನೋಡಿದ್ದೆ. ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಮ್ಮ ಕರಗಿಹೋದಳು. ಕಾಲು ಮುಟ್ಟುವ ಮೊದಲು ಅವರು ಫೋಟೊ ತೆಗೆಯುವವನು ಎಲ್ಲಿದ್ದಾನೆ ಎಂದು ನೋಡಿದ್ದನ್ನು ನಾನು ನೋಡಿದೆ. ಮೆಟ್ಟಿಲು ಎಡವದಿರಲಿ ಎಂದು ಆ ಕಡೆ ನೋಡಿದ್ದರೂ ಇರಬಹುದು. ಆಗ ನನಗೆ ಆ ‘ಇರಬಹುದು’ ಹೊಳೆಯುತ್ತಿರಲಿಲ್ಲ.

ಆಂಟಿಗೆ ಆ ಅಭ್ಯರ್ಥಿಯ ಮೇಲೆ ಮನೆಮಗನ ಪ್ರೀತಿ. ಅವರ ಮೆರವಣಿಗೆ ನಮ್ಮ ರಸ್ತೆಗೆ ಬರುವ ಭಾನುವಾರ, ಬಂದವರಿಗೆಲ್ಲ ಪಾನಕ ಕೊಡಬೇಕೆಂದು ಬೆಳಿಗ್ಗೆಯಿಂದಲೇ ಓಡಾಡುತ್ತಿದ್ದರು. ಹತ್ತು ಗಂಟೆ ಸುಮಾರಿಗೆ ನಮ್ಮ ಮನೆಯ ಫ್ಯಾನು ನಿಂತಿತು. ಸೆಕೆಯ ದಿನ. ಅಮ್ಮ ಬೀಸಣಿಗೆ ಹುಡುಕುತ್ತಾ ‘ಏನಾಯ್ತೇ?’ ಅಂದಳು.

‘ಏನಾಗುತ್ತೆ? ಮೆರವಣಿಗೆ ಬರ್ತಿದೆಯಲ್ಲ, ಗಾಡಿಗೆ ತಂತಿ ತಾಗುತ್ತೆ ಅಂತ ಕರೆಂಟ್ ತೆಗೆಸಿರ್ತಾರೆ,’ ಅಂದೆ.

ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಬೇರೆ ಯಾವ ಮನೆಯಲ್ಲಿ ಕರೆಂಟ್ ಇದೆ, ಯಾವ ಮನೆಯಲ್ಲಿ ಇಲ್ಲ ಎಂದು ನಾನು ನೋಡಲಿಲ್ಲ. ಆದರೆ ಆ ಮಾತು ಬಾಯಿಂದ ಹೊರಗೆ ಬಿದ್ದದ್ದೇ ತಡ, ಅದು ನನಗೆ ಗೊತ್ತಿದ್ದ ವಿಷಯವೇ ಆಗಿಬಿಟ್ಟಿತು. ಸಿಟ್ಟು ಬಂತು. ಇವರ ಮೆರವಣಿಗೆಗೆ ನನ್ನ ಅಮ್ಮ ಯಾಕೆ ಬೆವರಬೇಕು ಎಂದುಕೊಂಡು ಬಾಲ್ಕನಿಗೆ ಹೋದೆ.

ಅಭ್ಯರ್ಥಿ ಇನ್ನೂ ರಸ್ತೆಯ ಮೂಲೆಯ ದೇವಸ್ಥಾನದಲ್ಲಿದ್ದರು. ಅವರ ಗಾಡಿ ಮುಂದೆ ಬಂದು ನಮ್ಮ ಮನೆಯೆದುರು ಸಿಕ್ಕಿಕೊಂಡಿತ್ತು. ಲಾರಿಯೊಂದರ ಮೇಲೆ ಥರ್ಮೋಕೋಲಿನ ಗೋಪುರ ಕಟ್ಟಿ, ಅದರ ತುದಿಗೆ ಬಂಗಾರದ ಬಣ್ಣದ ಕಳಸ ಇಟ್ಟಿದ್ದರು. ನಮ್ಮ ರಸ್ತೆಯಲ್ಲಿ ತಂತಿಗಳದ್ದೇ ಒಂದು ಚಪ್ಪರ. ಕೆಳಗೆ ಟಿವಿ, ಇಂಟರ್ನೆಟ್ಟಿನ ಕಪ್ಪು ಕೇಬಲ್ಲುಗಳು, ಅವಕ್ಕಿಂತ ಮೇಲೆ ಜೋತುಬಿದ್ದ ಕರೆಂಟಿನ ಬರಿತಂತಿಗಳು. ಗೋಪುರದ ಪಕ್ಕದಲ್ಲಿ ಕವೆಗೋಲು ಹಿಡಿದು ಕೇಬಲ್ಲುಗಳನ್ನು ಎತ್ತುತ್ತಾ ಗಾಡಿಗೆ ದಾರಿ ಮಾಡುತ್ತಿದ್ದವನು ನಮ್ಮ ಕೇಬಲ್ ಅಣ್ಣ.

ಆರು ವರ್ಷದಿಂದ ನಮ್ಮ ಮನೆಯ ಇಂಟರ್ನೆಟ್ ಕೆಟ್ಟಾಗಲೆಲ್ಲ ಬರುವವನು ಆತ. ನನಗಿಂತ ದೊಡ್ಡವನಾದರೂ ಅಕ್ಕ ಅನ್ನುತ್ತಾನೆ. ನಾನೂ ಅಣ್ಣ ಅನ್ನುತ್ತೇನೆ. ಯಾವ ಪಕ್ಷದ ಮೆರವಣಿಗೆ ಬಂದರೂ, ಗಣೇಶನ ಗಾಡಿ ಬಂದರೂ, ಆತನೇ ಕೋಲು ಹಿಡಿಯುವುದು. ಬೇರೆಯವರು ಎತ್ತಿದರೆ ಕೇಬಲ್ ಹರಿಯುತ್ತದೆ, ಆಮೇಲೆ ಮನೆಮನೆಯಿಂದ ಬೈಗುಳ ತನಗೇ ಎಂದು.

ಕೇಬಲ್ಲುಗಳು ಎದ್ದವು. ಆದರೆ ಕಳಸ ಕರೆಂಟಿನ ತಂತಿಗೆ ಒಂದು ಗೇಣು ಅಡ್ಡ ಬರುತ್ತಿತ್ತು.

‘ಕಳಸ ಬಿಚ್ಚಿ ಸಾರ್, ಆಮೇಲೆ ಇಡೋಣ,’ ಅಂದ ಕೇಬಲ್ ಅಣ್ಣ.

ಕೆಳಗೆ ನಿಂತು ಮೆರವಣಿಗೆ ನಡೆಸುತ್ತಿದ್ದ ಬಿಳಿ ಶರ್ಟಿನವರು ತಲೆಯಾಡಿಸಿದರು. ‘ಓಟ್ ಕೇಳಕ್ಕೆ ಹೊರಟಾಗ ಕಳಸ ಇಳಿಸ್ತಾರೇನ್ರೀ? ಅಪಶಕುನ. ತಂತಿ ಎತ್ರಿ.’

‘ಕೋಲು ಎಟಕಲ್ಲ ಸಾರ್.’

‘ಬಾವುಟದ ಪೈಪ್ ತಗೊಳ್ಳಿ.’

ಅದು ಸ್ಟೀಲಿನ ಪೈಪು. ಯಾರೋ ಬಾವುಟ ಬಿಚ್ಚಿ ಮೇಲೆ ಕೊಟ್ಟರು. ಆತ ಅದನ್ನು ಹಿಡಿದುಕೊಂಡು ತಂತಿ ನೋಡಿದ, ಪೈಪು ನೋಡಿದ, ಆಮೇಲೆ ನನ್ನನ್ನು ನೋಡಿದ. ಗಾಡಿಯ ಮೇಲೆ ನಿಂತಿದ್ದರಿಂದ ನಾವಿಬ್ಬರೂ ಹೆಚ್ಚುಕಡಿಮೆ ಎದುರುಬದುರು ಇದ್ದೆವು.

‘ಅಕ್ಕಾ, ಕರೆಂಟ್ ಇದ್ಯಾ?’

ಆಗ ಆಡಿದೆ ಆ ಮೂರು ಪದ. ಚುಚ್ಚುವುದಕ್ಕೆಂದೇ, ಬಿಳಿ ಶರ್ಟಿನವರಿಗೆ ಕೇಳಲಿ ಎಂದು ಗಟ್ಟಿಯಾಗಿ. ಆತನಿಗೆ ಚುಚ್ಚು ಕೇಳಿಸಲಿಲ್ಲ, ಸುದ್ದಿ ಮಾತ್ರ ಕೇಳಿಸಿತು. ‘ಓ, ಲೈನ್ ತೆಗೆಸವ್ರಾ? ಸರಿ ಬಿಡಿ,’ ಅಂದು ಪೈಪು ಎತ್ತಿದ. ಬಿಳಿ ಶರ್ಟಿನವರು ಒಮ್ಮೆ ತಲೆಯೆತ್ತಿ ನೋಡಿದರು. ಇಲ್ಲ, ನಾವು ತೆಗೆಸಿಲ್ಲ ಅನ್ನಲಿಲ್ಲ. ಅವರಿಗೂ ತಮ್ಮವರೇ ಯಾರೋ ತೆಗೆಸಿದ್ದಾರೆ ಅನ್ನಿಸಿತೋ, ಗಾಡಿ ಮುಂದೆ ಹೋದರೆ ಸಾಕಾಗಿತ್ತೋ, ನಾನು ಇಂದಿಗೂ ಲೆಕ್ಕ ಹಾಕುತ್ತಿದ್ದೇನೆ.

ಪೈಪು ಎರಡು ತಂತಿಗಳಿಗೆ ಒಟ್ಟಿಗೆ ತಾಗಿತು. ಬೆಳಕು ಮೊದಲು, ಸದ್ದು ಆಮೇಲೆ. ನನ್ನ ಮುಖಕ್ಕೆ ಬಿಸಿ ಬಡಿಯಿತು. ಕಣ್ಣು ಬಿಟ್ಟಾಗ ಗೋಪುರದ ಅರ್ಧ ಕಪ್ಪಾಗಿತ್ತು. ಕೇಬಲ್ ಅಣ್ಣ ರಸ್ತೆಯಲ್ಲಿ ಮಗ್ಗುಲಾಗಿ ಬಿದ್ದಿದ್ದ, ಬಲಗೈಯನ್ನು ಮೈಯಿಂದ ದೂರ ಚಾಚಿ, ಅದು ಬೇರೆಯವರದ್ದು ಅನ್ನುವ ಹಾಗೆ. ಕಡಿದ ತಂತಿಯ ತುದಿ ನಮ್ಮ ಬಾಲ್ಕನಿಯ ಸರಳಿಗೆ ಒಂದು ಮೊಳ ದೂರದಲ್ಲಿ ತೂಗುತ್ತಿತ್ತು. ನಾನು ಆ ಸರಳು ಹಿಡಿದುಕೊಂಡೇ ನಿಂತಿದ್ದೆ ಎಂಬುದು ಅಮ್ಮ ಬಂದು ನನ್ನ ಬೆರಳುಗಳನ್ನು ಬಿಡಿಸಿದಾಗ ತಿಳಿಯಿತು.

ಆತನನ್ನು ಯಾರದೋ ಕಾರಿನಲ್ಲಿ ಹಾಕಿಕೊಂಡು ಹೋದರು. ಆ ಹೊತ್ತಿಗೆ ಇಡೀ ರಸ್ತೆಯಲ್ಲಿ ಕರೆಂಟ್ ಇರಲಿಲ್ಲ. ನನ್ನ ಮಾತು ನಿಜವಾಗಿತ್ತು, ಏಳು ಸೆಕೆಂಡು ತಡವಾಗಿ.

ಮಧ್ಯಾಹ್ನ ಆಂಟಿ ಪಾನಕದ ಪಾತ್ರೆ ಹಿಡಿದುಕೊಂಡು ಮೇಲೆ ಬಂದರು. ಕುಡಿಯುವವರಿಲ್ಲದೆ ತುಂಬಾ ಉಳಿದಿತ್ತು. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ‘ಶುಂಠಿ ಏಲಕ್ಕಿ ಮಿಕ್ಸಿಗೆ ಹಾಕಿದ್ದೆ ನೋಡಮ್ಮ. ಢಮ್ ಅಂತು, ಮಿಕ್ಸಿ ನಿಂತೋಯ್ತು,’ ಅಂದರು.

‘ಢಮ್ ಅಂದಾಗ ನಿಂತಿತಾ ಆಂಟಿ? ಅದಕ್ಕೆ ಮುಂಚೆ ಓಡ್ತಿತ್ತಾ?’

‘ಓಡ್ದೆ ಏನು? ನಿಮಗೆ ಮುಂಚೆನೇ ಹೋಗಿತ್ತಾ? ನಿಮ್ಮದು ಬೇರೆ ಫೇಸ್ ಅಲ್ವಾ, ಹೋದ ವರ್ಷವೂ ನಿಮ್ಮದೊಂದೇ ಹೋಗಿತ್ತು.’

ಮೂರು ಫೇಸಿನ ಮೂರು ತಂತಿಯಲ್ಲಿ ಒಂದರ ಫ್ಯೂಸ್ ಹೋದರೆ ಮೇಲಿನ ಮನೆ ಕತ್ತಲು, ಕೆಳಗಿನ ಮನೆ ಬೆಳಕು. ಈ ಊರಿನಲ್ಲಿ ಕರೆಂಟ್ ಹೋದೊಡನೆ ಎಲ್ಲರೂ ಮೊದಲು ಮಾಡುವ ಕೆಲಸ ಪಕ್ಕದ ಮನೆಯವರನ್ನು ‘ನಿಮಗಿದ್ಯಾ?’ ಎಂದು ಕೇಳುವುದು. ನಾನೂ ಸಾವಿರ ಸಲ ಕೇಳಿದ್ದೇನೆ. ಅವತ್ತೊಂದು ದಿನ ಕೇಳಲಿಲ್ಲ, ಯಾಕೆಂದರೆ ಅವತ್ತು ಯಾಕೆ ಹೋಗಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಮಿಕ್ಸಿಯ ಸದ್ದು ಬಾಲ್ಕನಿಗೆ ಕೇಳಿಸಿರಲೇಬೇಕು. ಕೇಳಿಸಿತ್ತೇ? ಕೇಳಿಸಿಯೂ ಕೇಳಿಸಿಕೊಳ್ಳಲಿಲ್ಲವೇ?

ಆಂಟಿ ನನ್ನ ಮುಖ ನೋಡಿದರು. ‘ಮಿಕ್ಸಿ ವಿಷಯ ನಾನು ಯಾರ ಹತ್ರಾನೂ ಎತ್ತಲ್ಲಮ್ಮ,’ ಅಂದರು. ನನಗಾಗಿ ಹೇಳಿದರೋ, ಅವರ ಅಭ್ಯರ್ಥಿಗಾಗಿಯೋ, ತಿಳಿಯಲಿಲ್ಲ.

ಸಂಜೆಗೆ ವಿಡಿಯೊ ನಮ್ಮ ರಸ್ತೆಯವರ ಫೋನ್ ಗ್ರೂಪಿಗೆ ಬಂತು. ಅದು ನನ್ನ ದನಿಯಿಂದಲೇ ಶುರುವಾಗುತ್ತಿತ್ತು. ಆತ ಕೇಳಿದ ಪ್ರಶ್ನೆ ಅದರಲ್ಲಿ ಇರಲಿಲ್ಲ. ಹಿಡಿದವರು ಅಲ್ಲಿಂದಲೇ ಹಿಡಿಯತೊಡಗಿದರೋ, ಪ್ರಶ್ನೆಯನ್ನು ಕತ್ತರಿಸಿದರೋ ಗೊತ್ತಿಲ್ಲ. ಕೆಳಗೆ ಒಬ್ಬರು ‘ಕುಡಿದಿದ್ದ ಅನ್ಸುತ್ತೆ’ ಎಂದು ಬರೆದರು. ಇನ್ನೊಬ್ಬರು ಅದನ್ನು ‘ಕುಡಿದಿದ್ದನಂತೆ’ ಮಾಡಿದರು. ರಾತ್ರಿಯ ಊಟದ ಹೊತ್ತಿಗೆ ಆತ ಕುಡಿದು, ಯಾರೂ ಕರೆಯದಿದ್ದರೂ ಗಾಡಿ ಹತ್ತಿ, ಯಾರನ್ನೂ ಕೇಳದೆ ತಂತಿ ಎತ್ತಿದವನಾಗಿದ್ದ.

ಮಾರನೆಯ ದಿನ ಬಿಳಿ ಶರ್ಟಿನವರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಅಮ್ಮನಿಗೆ ಕೈಮುಗಿದು ಕೂತರು.

‘ಮೇಡಂ, ನೀವು ಅದು ನಿಮ್ಮ ತಾಯಿಯವರ ಹತ್ರ ಮಾತಾಡ್ತಿದ್ದಿದ್ದು ಅಲ್ವಾ?’

‘ಇಲ್ಲ. ಅಣ್ಣನ ಹತ್ರ.’

‘ಅವನು ನಿಮ್ಮನ್ನ ಏನೂ ಕೇಳಿಲ್ಲ ಮೇಡಂ. ಗಲಾಟೆಯಲ್ಲಿ ನಿಮಗೆ ಹಂಗೆ ಅನ್ಸಿರುತ್ತೆ. ನೀವು ಓದಿದೋರು, ಸ್ಟೇಷನ್ನು ಅಂತೆಲ್ಲ ಯಾಕೆ ನಿಮಗೆ? ಅಮ್ಮ ಬೇರೆ ವಯಸ್ಸಾದೋರು.’

ಅವರು ಅದನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ, ಬೆದರಿಕೆಯೋ ಕಾಳಜಿಯೋ ಹೇಳಲಾರೆ. ಹೋಗುವಾಗ ಬಾಲ್ಕನಿಗೆ ಹೋಗಿ ಇಣುಕಿ ನೋಡಿದರು. ಅಲ್ಲಿಂದ ಏನೆಲ್ಲ ಕೇಳಿಸುತ್ತದೆ ಎಂದು ಅಳೆದ ಹಾಗಿತ್ತು.

ಅದೇ ದಿನ ಎದುರು ಪಕ್ಷದವರೂ ಬಂದರು. ಇಬ್ಬರು, ಫೋನು ಮೊದಲೇ ಆನ್ ಮಾಡಿಕೊಂಡು. ‘ಅಕ್ಕ, ಧೈರ್ಯವಾಗಿ ಹೇಳ್ಬಿಡಿ. ಕರೆಂಟ್ ತೆಗೆಸಿದ್ರು, ಮಧ್ಯದಲ್ಲಿ ಹಾಕಿಸಿದ್ರು. ನಿಮ್ಮ ಬಾಯಲ್ಲೇ ಬಂದಿದೆಯಲ್ಲ.’

ಎರಡು ಕಥೆಯಲ್ಲೂ ನನಗೆ ಜಾಗವಿತ್ತು, ಒಳ್ಳೆಯ ಜಾಗವೇ. ಒಂದರಲ್ಲಿ ನಾನು ಅಮ್ಮನ ಹತ್ತಿರ ಮಾತಾಡುತ್ತಿದ್ದ ಮಗಳು. ಇನ್ನೊಂದರಲ್ಲಿ ಅನ್ಯಾಯ ಕಂಡು ಕೂಗಿದ ನಾಗರಿಕಳು. ನಡೆದದ್ದನ್ನು ನಡೆದ ಹಾಗೆ ಹೇಳುವ ಮೂರನೆಯದೊಂದನ್ನು ಬಿಟ್ಟರೆ ಯಾವುದೂ ನನ್ನನ್ನು ಸುಡುತ್ತಿರಲಿಲ್ಲ.

ಆಸ್ಪತ್ರೆಗೆ ಹೋದೆ. ಕೇಬಲ್ ಅಣ್ಣನ ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ಹುಬ್ಬು ಸುಟ್ಟುಹೋಗಿ ಮುಖ ಬೇರೆ ಯಾರದೋ ಆಗಿತ್ತು. ಹೆಂಡತಿ ಎದ್ದು ನನಗೆ ಸ್ಟೂಲ್ ಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಕೆಟ್ಟುಹೋಗಿ, ‘ಅಣ್ಣ, ನನಗೆ ಗೊತ್ತಿರಲಿಲ್ಲ. ಸುಮ್ಮನೆ ಅಂದುಬಿಟ್ಟೆ,’ ಅಂದೆ.

ಆತ ನನ್ನ ಕಡೆ ತಿರುಗಿದ. ‘ನಿಮ್ಮ ಮನೆ ಫೇಸ್ ಬೇರೆ ಅಂತ ನನಗಾದ್ರೂ ಜ್ಞಾಪಕ ಬರ್ಬೇಕಿತ್ತು ಅಕ್ಕ. ನಿಮ್ಮ ರೂಟರ್ ಎಷ್ಟು ಸಲ ಸರಿ ಮಾಡಿಲ್ಲ ನಾನು.’

‘ನಿಮ್ಮದೇನೂ ತಪ್ಪಿಲ್ಲ ಅಣ್ಣ.’

‘ತಪ್ಪು ಯಾರ್ದೋ ಬಿಡಿ. ನಾನು ಕೇಳ್ದೆ ಅಲ್ವಾ ಅಕ್ಕ? ಎಲ್ರೂ ಕೇಳ್ದೇನೆ ಎತ್ತಿದೆ ಅಂತಾವ್ರೆ. ನಮ್ಮ ಕೇಬಲ್ ಓನರ್ರೂ ಅದೇ ಅಂದ್ರು, ಕುಡ್ಕೊಂಡು ಲೈನ್ ಮುಟ್ಟೋನನ್ನ ಮತ್ತೆ ಕಂಬಕ್ಕೆ ಹತ್ತಿಸಲ್ಲ ಅಂತ. ಹದಿನೈದು ವರ್ಷದಿಂದ ಹತ್ತುತಾ ಇದೀನಿ. ಕೇಳ್ದೆ ಒಂದ್ ತಂತಿ ಮುಟ್ಟಿಲ್ಲ. ಅದೊಂದು ಹೇಳ್ಬಿಡಿ, ಸಾಕು.’

ಹೆಂಡತಿ ಗೋಡೆ ನೋಡುತ್ತಾ ಮೆಲ್ಲಗೆ, ‘ಹೇಳ್ತಾರಾ?’ ಅಂದಳು. ಅವಳು ನನ್ನನ್ನು ನಂಬಿರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಲ್ಲಿಂದ ನೇರ ಠಾಣೆಗೆ ಹೋದೆ. ಮನೆಗೆ ಹೋಗಿ ಯೋಚಿಸಿದರೆ ಯೋಚನೆ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿಕೆ ಬರೆದುಕೊಂಡವರು ವಯಸ್ಸಾದ ಹೆಡ್ ಕಾನ್‌ಸ್ಟೆಬಲ್. ನಿಧಾನವಾಗಿ ಬರೆದು, ನಿಧಾನವಾಗಿ ಓದಿ ಹೇಳಿದರು. ಒಂದು ಕಡೆ ‘ಕರೆಂಟ್ ಇಲ್ಲವೆಂದು ತಿಳಿದು ಹೇಳಿರುತ್ತೇನೆ’ ಎಂದಿತ್ತು.

‘ತಿಳಿದು ಅಲ್ಲ ಸಾರ್. ನೋಡದೆ.’

‘ಎರಡೂ ಒಂದೇ ಅಲ್ವಾ ಮೇಡಂ?’

‘ಅಲ್ಲ ಸಾರ್. ನಮ್ಮ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಮೆರವಣಿಗೆಯವರು ತೆಗೆಸಿದ್ದಾರೆ ಅಂದದ್ದು ನನ್ನ ಊಹೆ. ಕೆಳಗಿನ ಮನೆಯಲ್ಲಿ ಮಿಕ್ಸಿ ಓಡ್ತಿತ್ತು. ಅದಕ್ಕೂ ಮೇಲೆ, ಕೇಬಲ್ ಅಣ್ಣ ನನ್ನನ್ನ ಕೇಳಿದರು ಅಂತ ಬರೀರಿ. ಪೈಪ್ ಎತ್ತೋ ಮುಂಚೆ ಕೇಳಿದರು. ಅದು ಮೊದಲನೇ ಸಾಲು.’

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ‘ಇದು ನಿಮಗೇ ತಿರುಗುತ್ತಲ್ಲಮ್ಮ.’ ಆಮೇಲೆ ಹೊಸ ಹಾಳೆ ತೆಗೆದುಕೊಂಡರು. ಮಿಕ್ಸಿಯ ಮಾತು ಬಂದದ್ದಕ್ಕೆ ಆಂಟಿ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಅವರನ್ನು ಕರೆದು ಕೇಳಿದಾಗ, ಓಡುತ್ತಿತ್ತು ಎಂದೇ ಹೇಳಿದರಂತೆ.

ಮತದಾನ, ಫಲಿತಾಂಶ ಎಲ್ಲ ಮುಗಿದವು. ಆ ಕೇಸು ಮುಗಿದಿಲ್ಲ. ಬಿಳಿ ಶರ್ಟಿನವರು ಒಮ್ಮೆ ರಸ್ತೆಯಲ್ಲಿ ಸಿಕ್ಕಿ ನಕ್ಕರು. ಆ ನಗುವನ್ನೂ ತಂದು ಮನೆಯಲ್ಲಿಟ್ಟುಕೊಂಡು ನೋಡುತ್ತಿದ್ದೇನೆ.

ಹೋದ ತಿಂಗಳು ಇಂಟರ್ನೆಟ್ ಕೆಟ್ಟಿತು. ಕೇಬಲ್ ಅಣ್ಣನೇ ಬಂದ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಎಡಗೈಯಲ್ಲಿ ಏಣಿ ಕಂಬಕ್ಕೆ ಒರಗಿಸಿ, ಎರಡು ಮೆಟ್ಟಿಲು ಹತ್ತಿ, ನಿಂತು, ತಲೆಯೆತ್ತಿದ.

‘ಅಕ್ಕಾ, ಕರೆಂಟ್ ಇದ್ಯಾ?’

ಬೇಕೆಂದೇ ಕೇಳಿದನೇ, ರೂಢಿಯಿಂದ ಕೇಳಿದನೇ? ಮುಖ ನೋಡಿದೆ, ಗೊತ್ತಾಗಲಿಲ್ಲ. ನನ್ನ ಹಿಂದೆ ಫ್ಯಾನು ತಿರುಗುತ್ತಿತ್ತು.

‘ಇರಣ್ಣ,’ ಅಂದು ಮೆಟ್ಟಿಲಿಳಿದು ಹೋಗಿ ಆಂಟಿಯ ಬಾಗಿಲು ತಟ್ಟಿದೆ. ಆತ ಏಣಿಯ ಮೇಲೆ ಕಾಯುತ್ತಿದ್ದ.