ಸಾಮಿ ಎಂಬ ಮಗ ಯಾರಿಗೂ ಹುಟ್ಟಲಿಲ್ಲ

ಕಡಲ ದಂಡೆಯ ಜರ್ಜೀಸ್ ಊರಿನ ಸಾಲಿಹಾಳ ಮನೆಗೆ ಪ್ರಶ್ನೆ ಕೇಳುವವರು ಬರುವುದು ಹೊಸದೇನಲ್ಲ. ಮಗ ಮುಂತಸರ್ ಇಟಲಿಗೆಂದು ದೋಣಿ ಹತ್ತಿ ನಾಲ್ಕು ವರ್ಷವಾಗಿತ್ತು. ದೋಣಿ ದಡ ಮುಟ್ಟಿತೆಂದೂ ಸುದ್ದಿಯಿಲ್ಲ, ಮುಳುಗಿತೆಂದೂ ಇಲ್ಲ. ಪತ್ರಿಕೆಯವರು ಬಂದರು, ಸಂಘದವರು ಬಂದರು, ವಿದ್ಯಾರ್ಥಿಗಳು ಬಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಸಾಲಿಹಾ ಒಬ್ಬರನ್ನೂ ಬಾಗಿಲಿಂದ ಹಿಂದಕ್ಕೆ ಕಳಿಸಲಿಲ್ಲ. ಆಲಿವ್ ಗಾಣದಲ್ಲಿ ದುಡಿದು ಬಂದು, ಸೊಂಟ ಹಿಡಿದುಕೊಂಡೇ ಕೂತು ಹೇಳುತ್ತಿದ್ದಳು: ಮುಂತಸರ್, ಹೇದಿಯ ಮಗ, ಎಡಗಿವಿಯ ಕೆಳಗೆ ಮಚ್ಚೆ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಹೆಸರು ಹತ್ತು ಕಡೆ ಓಡಾಡಿದರೆ, ಯಾವುದೋ ಜೈಲಿನಲ್ಲೋ ಆಸ್ಪತ್ರೆಯಲ್ಲೋ ಇರುವವರೊಬ್ಬರು ‘ಇವನನ್ನು ನೋಡಿದ್ದೇನೆ’ ಎಂದಾರು. ‘ಇನ್ನು ತಿಥಿ ಊಟ ಹಾಕಿಸಿಬಿಡು ಅತ್ತಿಗೆ’ ಎಂದ ಮೈದುನನನ್ನು ಪೊರಕೆ ಹಿಡಿದು ಓಡಿಸಿದ್ದಳು.

ನವ್ರೆಸ್ ಬಂದದ್ದು ರಾಜಧಾನಿ ಟ್ಯೂನಿಸ್‌ನಿಂದ. ವಲಸೆ, ಸಂಚಾರ, ಸಂಸ್ಕೃತಿ ಎಂಬ ವಿಷಯದಲ್ಲಿ ಸ್ನಾತಕೋತ್ತರ ಓದುತ್ತಿದ್ದ ಹುಡುಗಿ. ಬೇಸಿಗೆಯಿಡೀ ಸಾಲಿಹಾಳ ಮನೆಯಲ್ಲೇ ಉಳಿದಳು, ಮುಂತಸರ್‌ನ ಮಂಚದ ಮೇಲೆ ಮಲಗಿದಳು, ‘ಚಿಕ್ಕಮ್ಮಾ’ ಎಂದು ಬಾಯ್ತುಂಬ ಕರೆದಳು. ಹೊರಡುವಾಗ ಒಂದು ಕಾಗದ ಮುಂದಿಟ್ಟಳು.

“ಸುಮ್ನೆ ಒಪ್ಪಿಗೆ ಪತ್ರ ಚಿಕ್ಕಮ್ಮ. ಒಂದು ಸಹಿ ಹಾಕಿ.”

“ನನ್ನ ಮಗನ ವಿಷಯ ಬರೀತೀಯ ತಾನೇ?”

“ಅವನದೇ ಒಂದು ಅಧ್ಯಾಯ.”

ಸಾಲಿಹಾ ಕಣ್ಣುಮುಚ್ಚಿ ಸಹಿ ಹಾಕಿದಳು.

ಪ್ರಬಂಧದ ಮೌಖಿಕ ಪರೀಕ್ಷೆ ಅಲ್ಲಿ ಎಲ್ಲರೆದುರೇ ನಡೆಯುತ್ತದೆ. ನವ್ರೆಸ್‌ಳಿಂದ ಕರೆ ಬಂದಾಗ ಸಾಲಿಹಾ ಬೆಳಕು ಹರಿಯುವ ಮೊದಲೇ ಟ್ಯೂನಿಸ್‌ಗೆ ಬಾಡಿಗೆ ವ್ಯಾನು ಹತ್ತಿದಳು. ಪರೀಕ್ಷೆಯ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಕೂತಳು. ನವ್ರೆಸ್ ಸಾಮಿ ಎಂಬೊಬ್ಬನ ಕಥೆ ಹೇಳತೊಡಗಿದಳು. ಪಾಪ, ಯಾರ ಮಗನೋ ಎಂದು ಸಾಲಿಹಾ ಮರುಗಿದಳು. ಸಾಮಿಯ ತಾಯಿಯೂ ಗಾಣದಲ್ಲಿ ದುಡಿಯುತ್ತಾಳಂತೆ. ಸಾಮಿಗೂ ಎಡಗಿವಿಯ ಕೆಳಗೆ ಮಚ್ಚೆಯಂತೆ. ಅಲ್ಲಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು.

“ಸಾಮಿ ಯಾರೇ? ನನ್ನ ಮಗನ ಹೆಸರೆಲ್ಲಿ?”

ನವ್ರೆಸ್ ತಡವರಿಸಿದಳು. “ಹೆಸರು ಬದಲಾಯಿಸ್ಬೇಕು ಚಿಕ್ಕಮ್ಮ, ನಿಯಮ ಅದು. ನಿಮ್ಮ ರಕ್ಷಣೆಗೇ. ಆ ಪತ್ರದಲ್ಲೇ ಇತ್ತಲ್ಲ...”

“ಯಾರಿಂದ ರಕ್ಷಣೆ? ಸಮುದ್ರ ನಮ್ಮನೆ ವಿಳಾಸ ಹುಡುಕ್ಕೊಂಡು ಬರುತ್ತಾ? ಮೈ ಅದು ನುಂಗ್ತೋ ಇಲ್ವೋ, ಹೆಸರು ನೀನು ನುಂಗ್ದೆ!”

“ತಾಯೀ, ಇಲ್ಲಿ ಪರೀಕ್ಷಕರು ಮಾತ್ರ ಮಾತಾಡ್ಬೇಕು,” ಎಂದರು ಹಿರಿಯ ಪ್ರೊಫೆಸರು.

“ನಾಲ್ಕು ವರ್ಷದಿಂದ ಮಾತಾಡ್ತಿರೋಳು ನಾನೇ ಸ್ವಾಮಿ. ನೀವು ಬರ್ಕೊಂಡಿದೀರಿ ಅಷ್ಟೇ.”

ಯಾರೋ ಅವಳ ತೋಳು ಹಿಡಿದು ಕೂರಿಸಿದರು. ಪರೀಕ್ಷೆ ಮುಂದುವರಿಯಿತು. ನವ್ರೆಸ್‌ಗೆ ಅತ್ಯುನ್ನತ ದರ್ಜೆ ಬಂತು, ಅವಳ ಮನೆಯವರು ನಾಲಿಗೆ ಹೊರಳಿಸಿ ಸಂಭ್ರಮದ ಕೇಕೆ ಹಾಕಿದರು. ಉಂಡ ಮನೆಗೆ ಎರಡು ಬಗೆದವರಿಗೂ ಬಿರುದು ಕೊಡುವ ಕಾಲವಿದು.

ಪಾಸಾದ ಮೇಲೆ ಹೊರಗೆ ಸಿಹಿ ಹಂಚುವುದು ರೂಢಿ. ಸಾಲಿಹಾಳೂ ಖರ್ಜೂರ ತುಂಬಿದ ಮಕ್ರೂದ್ ಮಾಡಿ ಡಬ್ಬಿ ತುಂಬ ತಂದಿದ್ದಳು. ಹಿರಿಯ ಪ್ರೊಫೆಸರು ನಗುತ್ತ ಕೈ ಚಾಚಿದರು.

“ನೀವು ಸಾಮಿಯ ತಾಯಿ ಅಲ್ಲವೇ? ಓದ್ತಾ ಕಣ್ಣೀರು ಬಂತು ನೋಡಿ.”

ಸಾಲಿಹಾ ಡಬ್ಬಿ ಹಿಂದಕ್ಕೆಳೆದಳು. “ಸಾಮಿ ಅನ್ನೋನು ಯಾರ ಹೊಟ್ಟೇಲೂ ಹುಟ್ಟಿಲ್ಲ. ಮುಂತಸರ್, ಹೇದಿಯ ಮಗ. ಹೇಳಿ, ಆಮೇಲೆ ತಿನ್ನಿ.”

ಪ್ರೊಫೆಸರು ಸುತ್ತ ನೋಡಿದರು. ಎಲ್ಲರ ಕಣ್ಣೂ ಅವರ ಮೇಲಿತ್ತು. “ಮುಂತಸರ್, ಹೇದಿಯ ಮಗ,” ಎಂದರು. ಮಕ್ರೂದ್ ಕೈಗೆ ಬಿತ್ತು. ಅವರ ಹಿಂದಿದ್ದವರೂ ಹೇಳಿದರು. ಕೆಲವರು ಗೊಣಗಿದರು, ಒಬ್ಬಳು ಅಳುತ್ತ ಹೇಳಿದಳು. ಗೊಣಗಿದವರಿಂದ ಸಾಲಿಹಾ ಎರಡೆರಡು ಸಲ ಹೇಳಿಸಿದಳು.

ಕೊನೆಗೆ ನವ್ರೆಸ್ ಬಂದಳು. ಕೇಳುವ ಮೊದಲೇ ಹೇಳಿದಳು, “ಮುಂತಸರ್, ಹೇದಿಯ ಮಗ, ಎಡಗಿವಿಯ ಕೆಳಗೆ ಮಚ್ಚೆ.” ಅಂಗೈ ಒಡ್ಡಿ ನಿಂತಳು.

ಸಾಲಿಹಾ ಡಬ್ಬಿಯ ಮುಚ್ಚಳ ಹಾಕಿದಳು.

“ಅವರಿಗೆ ಗೊತ್ತಿರಲಿಲ್ಲ, ಹೇಳಿಸ್ದೆ. ನಿನಗೆ ಗೊತ್ತಿತ್ತು.”